ಹಾರ್ಡ್ ಡಿಸ್ಕ್ ಬದಲಾವಣೆ

ಹಾರ್ಡ್ ಡಿಸ್ಕ್ ಬದಲಾವಣೆ ಎಂದರೆ ಗಣಕಯಂತ್ರದಲ್ಲಿ ಕೆಡುತ್ತಿರುವ ಅಥವಾ ಸಾಮರ್ಥ್ಯ ಸಾಲದಾಗಿರುವ ಹಾರ್ಡ್ ಡಿಸ್ಕನ್ನು ತೆಗೆದು, ಅದರಲ್ಲಿರುವ ದತ್ತಾಂಶವನ್ನು ಹೊಸ ಸಂಗ್ರಹ ಸಾಧನಕ್ಕೆ ವರ್ಗಾಯಿಸಿ, ಆ ಸಾಧನದಿಂದಲೇ ಯಂತ್ರವು ಮತ್ತೆ ಕೆಲಸ ಮಾಡುವಂತೆ ಅಣಿಗೊಳಿಸುವ ಕಾರ್ಯ. ಕೈಕೆಲಸದ ದೃಷ್ಟಿಯಿಂದ ಇದು ಗಣಕದ ದುರಸ್ತಿಗಳಲ್ಲಿ ಸುಲಭವಾದವುಗಳಲ್ಲೊಂದು. ನಾಲ್ಕು ತಿರುಪುಗಳನ್ನು ಬಿಚ್ಚಿ ಎರಡು ಕೇಬಲ್ಲುಗಳನ್ನು ಕೀಳಬಲ್ಲವರು ಯಾರಾದರೂ ಇದನ್ನು ಮಾಡಬಹುದು. ಕಷ್ಟವಿರುವುದು ದತ್ತಾಂಶದಲ್ಲಿ. ಪರದೆಯೋ ಕೀಲಿಮಣೆಯೋ ಕೆಟ್ಟರೆ ಅಂಗಡಿಯಿಂದ ಅಂಥದ್ದೇ ಇನ್ನೊಂದನ್ನು ತರಬಹುದು. ಹಾರ್ಡ್ ಡಿಸ್ಕ್ ಕೆಟ್ಟರೆ ಹೊಸ ಡಿಸ್ಕನ್ನು ತರಬಹುದೇ ಹೊರತು, ಹಳೆಯದರಲ್ಲಿದ್ದ ಛಾಯಾಚಿತ್ರ, ಹಸ್ತಪ್ರತಿ, ಲೆಕ್ಕಪತ್ರಗಳನ್ನು ತರಲಾಗುವುದಿಲ್ಲ. ಆದಕಾರಣ ಕೆಡುವ ಸೂಚನೆ ಕಂಡ ಡಿಸ್ಕಿನ ವಿಷಯದಲ್ಲಿ ಮೊದಲ ಕೆಲಸ ಪರೀಕ್ಷೆಯೂ ಅಲ್ಲ, ದುರಸ್ತಿಯೂ ಅಲ್ಲ, ಪ್ರತಿ ತೆಗೆಯುವುದು. ಈ ಕ್ರಮ ತಪ್ಪಿದಾಗ ಉಳಿಸಬಹುದಾಗಿದ್ದ ದತ್ತಾಂಶವೂ ಕೈತಪ್ಪುವುದುಂಟು.

ಹಿನ್ನೆಲೆ

ತಿರುಗುವ ಕಾಂತೀಯ ತಟ್ಟೆಗಳ ಮೇಲೆ ದತ್ತಾಂಶವನ್ನು ಸಂಗ್ರಹಿಸುವ ಮೊದಲ ವಾಣಿಜ್ಯ ಯಂತ್ರವನ್ನು ಐಬಿಎಂ ಸಂಸ್ಥೆಯು 1956ರಲ್ಲಿ 305 ರಾಮ್ಯಾಕ್ ಗಣಕದೊಂದಿಗೆ ಹೊರತಂದಿತು. ಅಮೆರಿಕದ ಸ್ಯಾನ್ ಹೋಸೆಯಲ್ಲಿ ರೆನಾಲ್ಡ್ ಜಾನ್ಸನ್ ಅವರ ನೇತೃತ್ವದಲ್ಲಿ ರೂಪುಗೊಂಡ ಆ ಸಂಗ್ರಹ ಘಟಕದಲ್ಲಿ 24 ಅಂಗುಲ ವ್ಯಾಸದ 50 ತಟ್ಟೆಗಳಿದ್ದವು. ಅದು ಹಿಡಿಯುತ್ತಿದ್ದದ್ದು ಸುಮಾರು 50 ಲಕ್ಷ ಅಕ್ಷರಗಳನ್ನು, ಎಂದರೆ ಇಂದು ಮೊಬೈಲಿನಲ್ಲಿ ತೆಗೆದ ಒಂದು ಛಾಯಾಚಿತ್ರದಷ್ಟು. 1980ರಲ್ಲಿ ಸೀಗೇಟ್ ಸಂಸ್ಥೆಯ 5 ಮೆಗಾಬೈಟ್ ಸಾಮರ್ಥ್ಯದ ಎಸ್‌ಟಿ-506 ಬಂದ ಮೇಲೆ ಹಾರ್ಡ್ ಡಿಸ್ಕ್ ವೈಯಕ್ತಿಕ ಗಣಕದೊಳಗೆ ಸೇರುವಷ್ಟು ಕಿರಿದಾಯಿತು. ಅನಂತರದ ದಶಕಗಳಲ್ಲಿ ಸಾಮರ್ಥ್ಯವು ಅಗಾಧವಾಗಿ ಹೆಚ್ಚಿದ್ದಕ್ಕೆ ಒಂದು ಮುಖ್ಯ ಕಾರಣ ದೈತ್ಯ ಕಾಂತರೋಧ ಎಂಬ ವಿದ್ಯಮಾನದ ಶೋಧ. ಅದಕ್ಕಾಗಿ ಆಲ್ಬರ್ಟ್ ಫರ್ಟ್ ಮತ್ತು ಪೀಟರ್ ಗ್ರುನ್‌ಬರ್ಗ್ ಅವರಿಗೆ 2007ರ ಭೌತಶಾಸ್ತ್ರದ ನೊಬೆಲ್ ಪ್ರಶಸ್ತಿ ಸಂದಿತು.

ರಚನೆ ಮತ್ತು ಕೆಡುವ ಬಗೆ

ಹಾರ್ಡ್ ಡಿಸ್ಕನ್ನು ಗ್ರಾಮಫೋನಿಗೆ ಹೋಲಿಸುವ ರೂಢಿಯಿದೆ. ತಿರುಗುವ ತಟ್ಟೆ, ಅದರ ಮೇಲೆ ಆಡುವ ತೋಳು ಎರಡರಲ್ಲೂ ಉಂಟು. ಆದರೆ ಮುಖ್ಯ ವ್ಯತ್ಯಾಸವೊಂದಿದೆ. ಗ್ರಾಮಫೋನಿನ ಮುಳ್ಳು ತಟ್ಟೆಯನ್ನು ಮುಟ್ಟಿದರೆ ಮಾತ್ರ ಹಾಡುತ್ತದೆ. ಹಾರ್ಡ್ ಡಿಸ್ಕಿನ ಹೆಡ್ಡು ತಟ್ಟೆಯನ್ನು ಮುಟ್ಟಿದರೆ ಕೆಡುತ್ತದೆ. ನಿಮಿಷಕ್ಕೆ 5400 ಅಥವಾ 7200 ಸುತ್ತು ತಿರುಗುವ ತಟ್ಟೆಯು ಎಬ್ಬಿಸುವ ಗಾಳಿಯ ಪದರದ ಮೇಲೆ ಹೆಡ್ಡು ಕೆಲವೇ ನ್ಯಾನೋಮೀಟರುಗಳ ಅಂತರದಲ್ಲಿ ತೇಲುತ್ತಿರುತ್ತದೆ. ಒಂದು ಧೂಳಿನ ಕಣವೂ ಆ ಅಂತರದ ಎದುರಿಗೆ ಬಂಡೆಯೇ ಸರಿ. ಓಡುತ್ತಿರುವಾಗ ಯಂತ್ರಕ್ಕೆ ಪೆಟ್ಟು ಬಿದ್ದರೆ ಹೆಡ್ಡು ತಟ್ಟೆಯ ಲೇಪವನ್ನು ಕೆರೆಯುತ್ತದೆ. ಹಾಗೆ ಎದ್ದ ಪುಡಿ ಇನ್ನಷ್ಟು ಕಡೆ ಕೆರೆಯುತ್ತದೆ. ವಿದ್ಯುತ್ತು ಹಠಾತ್ತನೆ ಹೋದಾಗ ಹೆಡ್ಡು ತಟ್ಟೆಯ ಮೇಲೆ ಬೀಳದಿರಲು ಆಧುನಿಕ ಡಿಸ್ಕುಗಳಲ್ಲಿ ಜಾಣ ಉಪಾಯವೊಂದಿದೆ: ಇನ್ನೂ ತಿರುಗುತ್ತಿರುವ ಮೋಟಾರಿನಿಂದಲೇ ಶಕ್ತಿಯನ್ನು ಪಡೆದು ಹೆಡ್ಡನ್ನು ಬದಿಯ ಇಳಿಜಾರು ನಿಲ್ದಾಣಕ್ಕೆ ಸೇರಿಸುತ್ತಾರೆ.

ತಟ್ಟೆಯ ಮೇಲ್ಮೈಯನ್ನು ಸೆಕ್ಟರ್ ಎಂಬ ಸಣ್ಣ ಖಾನೆಗಳನ್ನಾಗಿ ವಿಂಗಡಿಸಲಾಗಿರುತ್ತದೆ. ಹಳೆಯ ಡಿಸ್ಕುಗಳಲ್ಲಿ ಒಂದು ಖಾನೆಗೆ 512 ಬೈಟ್, ಈಚಿನವುಗಳಲ್ಲಿ ಸಾಮಾನ್ಯವಾಗಿ 4096 ಬೈಟ್. ಒಂದು ಖಾನೆಯು ಓದಲು ಬಾರದಿದ್ದರೆ ಡಿಸ್ಕು ತಕ್ಷಣ ಸೋಲೊಪ್ಪುವುದಿಲ್ಲ. ಅದೇ ಜಾಗವನ್ನು ಮತ್ತೆ ಮತ್ತೆ ಓದಲು ಹೆಣಗುತ್ತದೆ. ಗಣಕವು ನಿಮಿಷಗಟ್ಟಲೆ ಸ್ತಬ್ಧವಾಗಿ, ಬಳಕೆದಾರರು ವೈರಸ್ಸನ್ನು ಶಂಕಿಸುವುದು ಇಂತಹ ಸಂದರ್ಭದಲ್ಲೇ. ಓದಲಾಗದ ಖಾನೆಯನ್ನು ಡಿಸ್ಕು ಬಾಕಿ ಪಟ್ಟಿಗೆ ಸೇರಿಸಿಟ್ಟು, ಮುಂದೆ ಎಂದಾದರೂ ಅಲ್ಲಿಗೆ ಹೊಸದಾಗಿ ಬರೆಯುವ ಪ್ರಸಂಗ ಬಂದಾಗ ಅದರ ಬದಲಿಗೆ ಮೀಸಲು ಖಾನೆಯೊಂದನ್ನು ಗೊತ್ತುಪಡಿಸುತ್ತದೆ. ಈ ವ್ಯವಸ್ಥೆಯು ಡಿಸ್ಕನ್ನು ಉಳಿಸುತ್ತದೆ. ಆ ಖಾನೆಯಲ್ಲಿದ್ದ ಬರಹವನ್ನು ಉಳಿಸುವುದಿಲ್ಲ.

ಇವಲ್ಲದೆ ಮೋಟಾರು ಬಿಗಿಯುವುದು, ಹೊರಗಿನ ವಿದ್ಯುನ್ಮಂಡಲದ ಹಲಗೆ ಸುಡುವುದು, ಡಿಸ್ಕಿನ ಆಂತರಿಕ ತಂತ್ರಾಂಶ ಹಾಳಾಗುವುದು ಮುಂತಾದವೂ ಕಾರಣಗಳಾಗಬಹುದು. ಹಲಗೆ ಸುಟ್ಟಾಗ ಅದೇ ಮಾದರಿಯ ಇನ್ನೊಂದು ಡಿಸ್ಕಿನ ಹಲಗೆಯನ್ನು ಹಾಕಿ ಬದುಕಿಸುವ ಪದ್ಧತಿ ಹಿಂದೆ ಇತ್ತು. ಈಗ ಪ್ರತಿಯೊಂದು ಡಿಸ್ಕಿನ ಸೂಕ್ಷ್ಮ ಹೊಂದಾಣಿಕೆಯ ವಿವರಗಳು ಅದರ ಹಲಗೆಯ ಮೇಲಿನ ಚಿಪ್ಪಿನಲ್ಲೇ ಇರುವುದರಿಂದ, ಆ ಚಿಪ್ಪನ್ನೂ ವರ್ಗಾಯಿಸದ ಹೊರತು ಅದು ಫಲಿಸದು.

ಮುನ್ಸೂಚನೆಗಳು

ಕಡತಗಳ ನಕಲು ನಡುವೆಯೇ ನಿಂತುಬಿಡುವುದು, ನಿನ್ನೆ ತೆರೆದ ಚಿತ್ರ ಇಂದು ಅರ್ಧ ಬೂದುಬಣ್ಣವಾಗಿ ಕಾಣುವುದು, ಗಣಕವನ್ನು ಹೊತ್ತಿಸಿದಾಗ ಕೆಲವು ದಿನ ಡಿಸ್ಕು ಪತ್ತೆಯಾಗಿ ಕೆಲವು ದಿನ ಆಗದಿರುವುದು ಸಾಮಾನ್ಯ ಲಕ್ಷಣಗಳು. ಲಯಬದ್ಧವಾದ ಟಿಕ್ ಟಿಕ್ ಸದ್ದು ಇವೆಲ್ಲಕ್ಕಿಂತ ಗಂಭೀರ. ತಟ್ಟೆಯ ಮೇಲಿನ ದಾರಿಗುರುತುಗಳು ಸಿಕ್ಕದೆ ಹೆಡ್ಡು ಮರಳಿ ಮರಳಿ ತನ್ನ ನೆಲೆಗೆ ಹೋಗಿ ಬರುವ ಶಬ್ದವದು.

ಡಿಸ್ಕಿನದೆಂದು ತೋರುವ ದೋಷ ಕೆಲವೊಮ್ಮೆ ಕೇಬಲ್ಲಿನದಾಗಿರುತ್ತದೆ. ಯಂತ್ರವನ್ನು ಆರಿಸಿ ಸೇಟಾ ಕೇಬಲ್ಲನ್ನು ಬದಲಿಸಿ ನೋಡುವುದರಿಂದ ಡಿಸ್ಕಿಗೆ ಯಾವ ಹಾನಿಯೂ ಇಲ್ಲವಾದ್ದರಿಂದ, ಈ ಒಂದು ಪರೀಕ್ಷೆಯನ್ನು ಪ್ರತಿ ತೆಗೆಯುವ ಮೊದಲೇ ಮಾಡಬಹುದು.

ಹೆಚ್ಚಿನ ಎಲ್ಲ ಡಿಸ್ಕುಗಳಲ್ಲಿ ಸ್ಮಾರ್ಟ್ ಎಂಬ ಸ್ವಯಂ ನಿಗಾ ವ್ಯವಸ್ಥೆಯಿರುತ್ತದೆ. ಕ್ರಿಸ್ಟಲ್ ಡಿಸ್ಕ್ ಇನ್ಫೋ, ಸ್ಮಾರ್ಟ್‌ಮಾನ್‌ಟೂಲ್ಸ್ ಮೊದಲಾದ ಉಚಿತ ತಂತ್ರಾಂಶಗಳಿಂದ ಅದರ ಅಂಕಿಗಳನ್ನು ಓದಬಹುದು. ಪಟ್ಟಿ ಉದ್ದವಾಗಿದ್ದರೂ ಸಾಮಾನ್ಯ ಬಳಕೆದಾರರು ಗಮನಿಸಬೇಕಾದದ್ದು ಮೂರು ನಾಲ್ಕನ್ನು ಮಾತ್ರ. 5ನೆಯ ಸಂಖ್ಯೆಯ ಲಕ್ಷಣವು ಈಗಾಗಲೇ ಬದಲಿ ಪಡೆದ ಖಾನೆಗಳನ್ನೂ, 197ನೆಯದು ಓದಲಾಗದೆ ಬಾಕಿ ಉಳಿದ ಖಾನೆಗಳನ್ನೂ, 198ನೆಯದು ಸರಿಪಡಿಸಲಾಗದ ಖಾನೆಗಳನ್ನೂ ಸೂಚಿಸುತ್ತದೆ. ಇವುಗಳಲ್ಲಿ ಯಾವುದೊಂದು ಸೊನ್ನೆಯಿಂದ ಮೇಲೇರಿ ಏರುತ್ತಲೇ ಹೋದರೂ ಡಿಸ್ಕನ್ನು ನಂಬಬಾರದು. 199ನೆಯದು ಮಾತ್ರ ಏರುತ್ತಿದ್ದರೆ ಕೇಬಲ್ಲನ್ನು ಶಂಕಿಸಬೇಕು.

ಈ ಅಂಕಿಗಳ ವಿಶ್ವಾಸಾರ್ಹತೆಗೆ ಮಿತಿಯುಂಟು. ಗೂಗಲ್ ಸಂಸ್ಥೆಯ ಸಂಶೋಧಕರು ಒಂದು ಲಕ್ಷಕ್ಕೂ ಹೆಚ್ಚು ಡಿಸ್ಕುಗಳನ್ನು ಅಭ್ಯಸಿಸಿ 2007ರಲ್ಲಿ ಪ್ರಕಟಿಸಿದ ಪ್ರಬಂಧದಲ್ಲಿ ಎರಡು ಮುಖ್ಯ ಸಂಗತಿಗಳಿವೆ. ಮೇಲ್ಮೈ ತಪಾಸಣೆಯಲ್ಲಿ ಮೊದಲ ದೋಷ ಕಂಡ ಡಿಸ್ಕುಗಳು ಮುಂದಿನ 60 ದಿನಗಳಲ್ಲಿ ಕೆಡುವ ಸಂಭವವು ದೋಷವಿಲ್ಲದವುಗಳಿಗಿಂತ 39 ಪಟ್ಟು ಹೆಚ್ಚಾಗಿತ್ತು. ಇನ್ನೊಂದೆಡೆ, ಕೆಟ್ಟ ಡಿಸ್ಕುಗಳಲ್ಲಿ ಅರ್ಧಕ್ಕಿಂತ ಹೆಚ್ಚಿನವು ಪ್ರಬಲವೆನಿಸಿದ ನಾಲ್ಕು ಸ್ಮಾರ್ಟ್ ಸೂಚನೆಗಳಲ್ಲಿ ಒಂದನ್ನೂ ತೋರಿಸದೆಯೇ ಕೆಟ್ಟಿದ್ದವು. ಎಂದರೆ ಎಚ್ಚರಿಕೆ ಬಂದರೆ ನಂಬಬೇಕು. ಬಾರದಿದ್ದ ಮಾತ್ರಕ್ಕೆ ನಿಶ್ಚಿಂತರಾಗಬಾರದು.

ದತ್ತಾಂಶದ ರಕ್ಷಣೆ

ಕೆಡುತ್ತಿರುವ ಡಿಸ್ಕಿನಲ್ಲಿ ಇನ್ನೆಷ್ಟು ಓದು ಉಳಿದಿದೆಯೆಂದು ಮೊದಲೇ ಹೇಳಲಾಗುವುದಿಲ್ಲ. ಉಳಿದಿರುವಷ್ಟು ಓದನ್ನು ಅತ್ಯಮೂಲ್ಯವಾದ ಕಡತಗಳಿಗೆ ಮೊದಲು ವ್ಯಯಿಸಬೇಕು. ಡಿಸ್ಕು ಇನ್ನೂ ತೆರೆದುಕೊಳ್ಳುತ್ತಿದ್ದರೆ, ಎಲ್ಲವನ್ನೂ ಒಮ್ಮೆಗೇ ನಕಲಿಸಲು ಹೊರಡದೆ, ಮತ್ತೆ ದೊರೆಯಲಾರದ್ದನ್ನು ಮೊದಲು ಬೇರೊಂದು ಸಾಧನಕ್ಕೆ ನಕಲಿಸಬೇಕು. ಚಲನಚಿತ್ರಗಳು, ಅಂತರಜಾಲದಿಂದ ಇಳಿಸಿಕೊಂಡ ತಂತ್ರಾಂಶಗಳು ಕೊನೆಗೆ ಬರಲಿ, ಬಾರದಿದ್ದರೂ ಚಿಂತೆಯಿಲ್ಲ.

ಈ ಹಂತದಲ್ಲಿ ಮಾಡಬಾರದ ಕೆಲಸಗಳಿವೆ; ಅವೆಲ್ಲವೂ ಒಳ್ಳೆಯ ಉದ್ದೇಶದಿಂದಲೇ ನಡೆಯುವಂಥವು. ವಿಂಡೋಸಿನ ಚೆಕ್‌ಡಿಸ್ಕ್ ಕಡತವ್ಯವಸ್ಥೆಯ ತಪ್ಪುಗಳನ್ನು ತಿದ್ದುವ ಸಾಧನ. ಆರೋಗ್ಯವಾಗಿರುವ ಡಿಸ್ಕಿನಲ್ಲಿ ಅದು ಉಪಯುಕ್ತ. ಕೆಡುತ್ತಿರುವ ಡಿಸ್ಕಿನಲ್ಲಿ ಅದು ಗಂಟೆಗಟ್ಟಲೆ ಓದಿಸಿ ಆಯಾಸಗೊಳಿಸುವುದಲ್ಲದೆ, ಓದಲಾಗದ ಭಾಗಗಳನ್ನು ಕಡತಪಟ್ಟಿಯಿಂದ ಕತ್ತರಿಸಿ, ಆಮೇಲೆ ತಜ್ಞರಿಗೂ ಸಿಗದಂತೆ ಮಾಡಬಲ್ಲದು. ಡಿಫ್ರಾಗ್ ಮಾಡುವುದು, ಫಾರ್ಮ್ಯಾಟ್ ಮಾಡಿ ನೋಡುವುದು, ಕಡತ ಮರಳಿಸುವ ತಂತ್ರಾಂಶವನ್ನು ಅದೇ ಡಿಸ್ಕಿನ ಮೇಲೆ ಸ್ಥಾಪಿಸುವುದು ಇವೂ ಇದೇ ಬಗೆಯ ತಪ್ಪುಗಳು. ಡಿಸ್ಕನ್ನು ಫ್ರೀಜರಿನಲ್ಲಿಟ್ಟು ಬದುಕಿಸುವ ಸಲಹೆಯೊಂದು ಬಹುಕಾಲದಿಂದ ಪ್ರಚಾರದಲ್ಲಿದೆ. ಹೊರತೆಗೆದಾಗ ತಟ್ಟೆಗಳ ಮೇಲೆ ಕೂಡುವ ತೇವವು ಉಳಿದದ್ದನ್ನೂ ಕಳೆಯಬಹುದು. ಮುಚ್ಚಳವನ್ನು ಮನೆಯಲ್ಲಿ ತೆರೆಯುವುದಂತೂ ಸಲ್ಲದು.

ಡಿಸ್ಕು ಅಲ್ಲಲ್ಲಿ ಓದಲು ತಡವರಿಸುತ್ತಿದ್ದರೆ ಗ್ನೂ ಡಿಡಿರೆಸ್ಕ್ಯೂ ಎಂಬ ಮುಕ್ತ ತಂತ್ರಾಂಶವು ಉತ್ತಮ ಸಾಧನ. ಪರೀಕ್ಷೆಯಲ್ಲಿ ಬುದ್ಧಿವಂತ ವಿದ್ಯಾರ್ಥಿಯು ಗೊತ್ತಿರುವ ಪ್ರಶ್ನೆಗಳನ್ನೆಲ್ಲ ಮೊದಲು ಬರೆದು, ಕಠಿಣವಾದವನ್ನು ಉಳಿದ ಸಮಯಕ್ಕೆ ಇಟ್ಟುಕೊಳ್ಳುವಂತೆ, ಇದು ಸರಾಗವಾಗಿ ಓದಬಲ್ಲ ಭಾಗಗಳನ್ನೆಲ್ಲ ಮೊದಲ ಸುತ್ತಿನಲ್ಲಿ ನಕಲಿಸಿ, ತೊಡಕಿನ ಭಾಗಗಳನ್ನು ಬಿಟ್ಟು ಮುಂದೆ ಸಾಗುತ್ತದೆ. ಅನಂತರದ ಸುತ್ತುಗಳಲ್ಲಿ ಮಾತ್ರ ಅವಕ್ಕೆ ಕೈಹಾಕುತ್ತದೆ. ಎಲ್ಲಿಯವರೆಗೆ ಬಂದಿದೆ, ಎಲ್ಲಿ ಬಿಟ್ಟಿದೆ ಎಂಬುದನ್ನು ನಕ್ಷೆಯ ಕಡತವೊಂದರಲ್ಲಿ ಬರೆದಿಡುವುದರಿಂದ, ವಿದ್ಯುತ್ತು ಹೋದರೂ ಕೆಲಸವನ್ನು ನಿಂತಲ್ಲಿಂದ ಮುಂದುವರಿಸಬಹುದು. ಆದರೆ ಆಜ್ಞೆಯಲ್ಲಿ ಮೂಲ ಡಿಸ್ಕನ್ನೂ ಗುರಿಯ ಡಿಸ್ಕನ್ನೂ ಅದಲುಬದಲು ಮಾಡಿದರೆ ಖಾಲಿ ಡಿಸ್ಕಿನ ಶೂನ್ಯವು ತುಂಬಿದ ಡಿಸ್ಕಿನ ಮೇಲೆ ಹರಡಿಕೊಳ್ಳುತ್ತದೆ. ಎರಡರ ಮಾದರಿ ಮತ್ತು ಕ್ರಮಸಂಖ್ಯೆಗಳನ್ನು ಕಾಗದದ ಮೇಲೆ ಬರೆದುಕೊಂಡು ಎರಡು ಬಾರಿ ಹೋಲಿಸಿ ನೋಡಿದ ಮೇಲೆಯೇ ಕೀಲಿ ಒತ್ತುವುದು ಕ್ಷೇಮ. ಕಡತಗಳನ್ನು ಮರಳಿ ಪಡೆಯುವ ಉಳಿದೆಲ್ಲ ಪ್ರಯತ್ನವೂ ಹೀಗೆ ದೊರೆತ ಪ್ರತಿಯ ಮೇಲೆ ನಡೆಯಬೇಕು, ಮೂಲದ ಮೇಲಲ್ಲ.

ಟಿಕ್ ಟಿಕ್ ಸದ್ದು ಬರುತ್ತಿದ್ದರೆ, ಅಥವಾ ಡಿಸ್ಕು ಕೆಳಗೆ ಬಿದ್ದಿದ್ದರೆ, ಯಾವ ತಂತ್ರಾಂಶವೂ ಉಪಯೋಗಕ್ಕೆ ಬಾರದು. ಆಗ ವಿದ್ಯುತ್ತನ್ನು ಕಡಿದು ನಿರ್ಧರಿಸಬೇಕಾದದ್ದು ಒಂದೇ: ಒಳಗಿರುವುದರ ಬೆಲೆ ಎಷ್ಟು. ಧೂಳುರಹಿತ ಕೋಣೆಯಲ್ಲಿ ಹೆಡ್ಡುಗಳನ್ನು ಬದಲಿಸಿ ದತ್ತಾಂಶ ತೆಗೆದುಕೊಡುವ ಪ್ರಯೋಗಾಲಯಗಳ ಶುಲ್ಕ ಡಿಸ್ಕಿನ ಬೆಲೆಯ ಹಲವು ಪಟ್ಟು ಇರುತ್ತದೆ, ಯಶಸ್ಸಿನ ಭರವಸೆಯೂ ಇರುವುದಿಲ್ಲ. ಅಲ್ಲಿಗೆ ಕಳಿಸುವ ಉದ್ದೇಶವಿದ್ದರೆ ಅದಕ್ಕೆ ಮೊದಲು ಮನೆಯಲ್ಲಿ ಇನ್ನೊಂದು ಪ್ರಯತ್ನ ಮಾಡಿ ನೋಡುವ ಆಸೆಯನ್ನು ಬಿಡಬೇಕು.

ಹೊಸ ಸಾಧನದ ಆಯ್ಕೆ

ಈಗ ಕೆಟ್ಟ ಹಾರ್ಡ್ ಡಿಸ್ಕಿನ ಸ್ಥಾನಕ್ಕೆ ಹೆಚ್ಚಾಗಿ ಬರುತ್ತಿರುವುದು ಎಸ್‌ಎಸ್‌ಡಿ. ಇದರಲ್ಲಿ ತಿರುಗುವ ತಟ್ಟೆಯಿಲ್ಲ. ಜಪಾನಿನ ತೋಷಿಬಾ ಸಂಸ್ಥೆಯಲ್ಲಿ ಫುಜಿಯೊ ಮಸುಒಕಾ ಅವರು ರೂಪಿಸಿದ ಫ್ಲ್ಯಾಷ್ ಸ್ಮೃತಿಯ ಚಿಪ್ಪುಗಳಲ್ಲಿ ದತ್ತಾಂಶ ನೆಲೆಸುತ್ತದೆ. ವೇಗದ ವ್ಯತ್ಯಾಸವನ್ನು ಸರಳ ಲೆಕ್ಕದಿಂದ ತಿಳಿಯಬಹುದು. ನಿಮಿಷಕ್ಕೆ 7200 ಸುತ್ತೆಂದರೆ ಸೆಕೆಂಡಿಗೆ 120 ಸುತ್ತು. ಒಂದು ಸುತ್ತಿಗೆ ಸುಮಾರು 8.3 ಮಿಲಿಸೆಕೆಂಡು. ಬೇಕಾದ ಖಾನೆಯು ಹೆಡ್ಡಿನ ಕೆಳಗೆ ಬರಲು ಸರಾಸರಿ ಅರ್ಧ ಸುತ್ತು, ಎಂದರೆ ಸುಮಾರು 4.2 ಮಿಲಿಸೆಕೆಂಡು ಕಾಯಬೇಕು. ತೋಳು ಸರಿಯುವ ಕಾಲ ಬೇರೆ. ಎಸ್‌ಎಸ್‌ಡಿಯಲ್ಲಿ ಈ ಕಾಯುವಿಕೆ ಮಿಲಿಸೆಕೆಂಡಿನ ಹತ್ತನೆಯ ಒಂದು ಭಾಗದ ಆಸುಪಾಸಿನಲ್ಲಿರುತ್ತದೆ. ಗಣಕವು ಹೊತ್ತಿಕೊಳ್ಳುವಾಗ ಸಾವಿರಾರು ಸಣ್ಣ ಕಡತಗಳನ್ನು ಓದಬೇಕಾಗುವುದರಿಂದ, ಎಸೆಯಬೇಕೆಂದಿದ್ದ ಹಳೆಯ ಲ್ಯಾಪ್‌ಟಾಪೊಂದು ಈ ಬದಲಾವಣೆಯಿಂದ ಮತ್ತೆ ಕೆಲವು ವರ್ಷ ಬಾಳುವುದುಂಟು.

ಎಸ್‌ಎಸ್‌ಡಿಗೂ ತನ್ನದೇ ದೋಷಗಳಿವೆ. ಅದು ಕೆಡುವಾಗ ಸದ್ದು ಮಾಡುವುದಿಲ್ಲ, ಅನೇಕ ವೇಳೆ ಒಮ್ಮೆಲೇ ಮೌನವಾಗುತ್ತದೆ. ಅಳಿಸಿದ ಕಡತಗಳ ಜಾಗವನ್ನು ಟ್ರಿಮ್ ಎಂಬ ಆಜ್ಞೆಯ ಮೂಲಕ ತಾನೇ ತೆರವುಗೊಳಿಸುವುದರಿಂದ, ಕೈತಪ್ಪಿ ಅಳಿಸಿದ್ದನ್ನು ಮರಳಿ ಪಡೆಯುವ ಸಾಧ್ಯತೆ ಹಾರ್ಡ್ ಡಿಸ್ಕಿಗಿಂತ ಬಹಳ ಕಡಿಮೆ. ವಿದ್ಯುತ್ತಿಲ್ಲದೆ ವರ್ಷಗಟ್ಟಲೆ ಬೀರುವಿನಲ್ಲಿಡುವ ಸಂಗ್ರಹಕ್ಕೂ ಅದು ತಕ್ಕುದಲ್ಲ. ಹೆಚ್ಚು ಸಾಮರ್ಥ್ಯ ಅಗ್ಗದಲ್ಲಿ ಬೇಕಾದ ಕಡೆ ಹಾರ್ಡ್ ಡಿಸ್ಕೇ ಇಂದಿಗೂ ಮೇಲು.

ಕೊಳ್ಳುವ ಮುನ್ನ ಹೊಂದಾಣಿಕೆಯನ್ನು ನೋಡಬೇಕು. ಮೇಜುಗಣಕದ ಹಾರ್ಡ್ ಡಿಸ್ಕು 3.5 ಅಂಗುಲದ್ದು, ಲ್ಯಾಪ್‌ಟಾಪಿನದು 2.5 ಅಂಗುಲದ್ದು, ಎರಡನೆಯದರಲ್ಲಿ 7 ಮತ್ತು 9.5 ಮಿಲಿಮೀಟರ್ ದಪ್ಪದ ಭೇದವುಂಟು, ತೆಳುವಾದ ಲ್ಯಾಪ್‌ಟಾಪಿನಲ್ಲಿ ದಪ್ಪನೆಯದು ಕೂರದು. ಎಂ.2 ಎಂಬ ಪಟ್ಟಿಯಾಕಾರದ ಎಸ್‌ಎಸ್‌ಡಿಗಳಲ್ಲಿ ಗೊಂದಲ ಹೆಚ್ಚು. ನೋಟಕ್ಕೆ ಹೆಚ್ಚುಕಡಿಮೆ ಒಂದೇ ಆದರೂ ಕೆಲವು ಸೇಟಾ ಪದ್ಧತಿಯವು, ಕೆಲವು ಎನ್‌ವಿಎಂಇ ಪದ್ಧತಿಯವು. ಯಂತ್ರದ ಕಿಂಡಿ ಯಾವುದನ್ನು ಒಪ್ಪುತ್ತದೆಂದು ಅದರ ಕೈಪಿಡಿಯಲ್ಲಿ ನೋಡದೆ ಕೊಳ್ಳಬಾರದು.

1 ಟೆರಾಬೈಟ್ ಎಂದು ಕೊಂಡದ್ದು ವಿಂಡೋಸಿನಲ್ಲಿ 931 ಗಿಗಾಬೈಟ್ ಎಂದು ಕಂಡಾಗ ಅಂಗಡಿಯವರೊಡನೆ ಜಗಳವಾಡುವುದು ಅನಗತ್ಯ. ತಯಾರಕರು ಸಾವಿರದ ಗುಣಕಗಳಲ್ಲೂ ವಿಂಡೋಸು 1024ರ ಗುಣಕಗಳಲ್ಲೂ ಎಣಿಸುವುದರಿಂದ ಈ ಅಂತರ ಬರುತ್ತದೆ. ಇದಕ್ಕಿಂತ ನಿಜವಾದ ತೊಡಕು 2 ಟೆರಾಬೈಟಿನ ಗಡಿ. ಎಂಬಿಆರ್ ಎಂಬ ಹಳೆಯ ವಿಭಜನಾ ಪಟ್ಟಿಯು ಖಾನೆಗಳನ್ನು 32 ಬಿಟ್ಟುಗಳ ಸಂಖ್ಯೆಯಿಂದ ಎಣಿಸುತ್ತದೆ; 512 ಬೈಟಿನ ಖಾನೆಗಳಾದರೆ ಸುಮಾರು 2.2 ಲಕ್ಷ ಕೋಟಿ ಬೈಟಿಗೆ ಲೆಕ್ಕ ಮುಗಿಯುತ್ತದೆ. ಅದಕ್ಕೂ ದೊಡ್ಡ ಸಾಧನಕ್ಕೆ ಜಿಪಿಟಿ ಪಟ್ಟಿ ಬೇಕು.

ಜೋಡಣೆ ಮತ್ತು ವರ್ಗಾವಣೆ

ಯಂತ್ರವನ್ನು ಪೂರ್ಣವಾಗಿ ಆರಿಸಿ, ಪ್ಲಗ್ಗನ್ನು ಕಿತ್ತು, ಲ್ಯಾಪ್‌ಟಾಪಾದರೆ ಬ್ಯಾಟರಿಯ ಸಂಪರ್ಕವನ್ನೂ ತಪ್ಪಿಸಿ, ಚೌಕಟ್ಟಿನ ಲೋಹದ ಭಾಗವನ್ನು ಮುಟ್ಟಿ ಮೈಮೇಲಿನ ಸ್ಥಾಯೀವಿದ್ಯುತ್ತನ್ನು ಕಳೆದುಕೊಂಡು ಕೆಲಸ ಆರಂಭಿಸಬೇಕು. ಸೇಟಾ ಕೇಬಲ್ಲುಗಳ ತುದಿಯಲ್ಲಿ ಮೊಳೆಕಟ್ಟಿನಂತಹ ಬಾಗು ಇರುವುದರಿಂದ ತಿರುಗಾಮುರುಗಾ ಕೂರುವುದಿಲ್ಲ. ಬಲ ಬೇಕೆನಿಸಿದರೆ ದಿಕ್ಕು ತಪ್ಪಿದೆಯೆಂದೇ ಅರ್ಥ. ಲ್ಯಾಪ್‌ಟಾಪಿನಲ್ಲಿ ಎರಡನೆಯ ಡಿಸ್ಕಿಗೆ ಜಾಗವಿರದ ಕಾರಣ, ವರ್ಗಾವಣೆಗೆ ಯುಎಸ್‌ಬಿಯಿಂದ ಸೇಟಾಗೆ ಜೋಡಿಸುವ ಕೇಬಲ್ಲು ಬೇಕಾಗುತ್ತದೆ. 2.5 ಅಂಗುಲದವು 5 ವೋಲ್ಟಿನಲ್ಲೇ ನಡೆಯುವುದರಿಂದ ಅವಕ್ಕೆ ಇಷ್ಟು ಸಾಕು. 3.5 ಅಂಗುಲದವುಗಳಿಗೆ 12 ವೋಲ್ಟೂ ಬೇಕಿರುವುದರಿಂದ ಪ್ರತ್ಯೇಕ ಅಡಾಪ್ಟರ್ ಇರುವ ಸಾಧನವನ್ನೇ ಬಳಸಬೇಕು.

ಹಳೆಯ ಡಿಸ್ಕು ಸುಸ್ಥಿತಿಯಲ್ಲಿದ್ದು ಸಾಮರ್ಥ್ಯ ಹೆಚ್ಚಿಸುವುದಷ್ಟೇ ಉದ್ದೇಶವಾಗಿದ್ದರೆ ಕ್ಲೋನ್‌ಜಿಲಾದಂತಹ ತಂತ್ರಾಂಶದಿಂದ ಇಡೀ ಡಿಸ್ಕಿನ ಪಡಿಯಚ್ಚು ತೆಗೆಯುವುದು ಸುಲಭ. ಡಿಸ್ಕು ಕೆಡುತ್ತಿರುವಾಗ ಮಾತ್ರ ಹೊಸದರ ಮೇಲೆ ಕಾರ್ಯವ್ಯವಸ್ಥೆಯನ್ನು ಹೊಸದಾಗಿ ಸ್ಥಾಪಿಸಿ ಕಡತಗಳನ್ನಷ್ಟೇ ತರುವುದು ಲೇಸು. ಹಾಳಾದ ಖಾನೆಗಳಲ್ಲಿದ್ದ ವ್ಯವಸ್ಥೆಯ ಕಡತಗಳ ಪಡಿಯಚ್ಚೂ ಹಾಳಾಗಿಯೇ ಇರುತ್ತದೆ. ಪಡಿಯಚ್ಚಾದ ಮೇಲೆ ಮೊದಲ ಬಾರಿ ಹೊತ್ತಿಸುವಾಗ ಹಳೆಯದನ್ನು ಕಳಚಿಟ್ಟಿರಬೇಕು. ಎರಡರ ಗುರುತುಸಂಖ್ಯೆ ಒಂದೇ ಆಗಿರುವುದರಿಂದ ವಿಂಡೋಸು ಗೊಂದಲಗೊಂಡು ಒಂದನ್ನು ನಿಷ್ಕ್ರಿಯಗೊಳಿಸುತ್ತದೆ. ದೊಡ್ಡ ಡಿಸ್ಕಿನಲ್ಲಿ ಮಿಕ್ಕ ಜಾಗವು ತಾನಾಗಿ ಸೇರಿಕೊಳ್ಳದೆ ಹೋದರೆ, ನಡುವೆ ಕುಳಿತಿರುವ ಪುನಶ್ಚೇತನ ವಿಭಾಗವನ್ನು ಕೊನೆಗೆ ಸರಿಸಬೇಕಾಗುತ್ತದೆ.

ಈಚಿನ ವಿಂಡೋಸ್ ಯಂತ್ರಗಳಲ್ಲಿ ಬಿಟ್‌ಲಾಕರ್ ಗೂಢಲಿಪೀಕರಣ ಬಳಕೆದಾರರಿಗೆ ಅರಿವಿಲ್ಲದೆಯೇ ಜಾರಿಯಲ್ಲಿರಬಹುದು. ಅಂತಹ ಡಿಸ್ಕನ್ನು ಕಿತ್ತು ಬೇರೆ ಗಣಕಕ್ಕೆ ಹಾಕಿದರೆ 48 ಅಂಕಿಗಳ ಕೀಲಿಯನ್ನು ಕೇಳುತ್ತದೆ. ಯಂತ್ರ ಇನ್ನೂ ನಡೆಯುತ್ತಿರುವಾಗಲೇ ಅದನ್ನು ಬರೆದಿಟ್ಟುಕೊಳ್ಳಬೇಕು. ಕೀಲಿ ಎಲ್ಲಿಯೂ ಇಲ್ಲವಾದರೆ ಡಿಸ್ಕು ಎಷ್ಟು ಆರೋಗ್ಯವಾಗಿದ್ದರೂ ಅದರೊಳಗಿನದು ಓದಲು ಸಿಗದು.

ಕನ್ನಡ ಕಡತಗಳ ವಿಶೇಷ ಸಮಸ್ಯೆ

ಹಳೆಯ ಗಣಕದಿಂದ ಕನ್ನಡದ ಬರಹಗಳನ್ನು ಹೊಸದಕ್ಕೆ ತಂದವರು ಎದುರಿಸುವ ತೊಂದರೆಯೊಂದು ಇಂಗ್ಲಿಷಿನಲ್ಲಿ ಬರೆಯುವವರಿಗೆ ಇಲ್ಲ. ಯುನಿಕೋಡ್ ರೂಢಿಗೆ ಬರುವ ಮುನ್ನ, ಕನ್ನಡ ಗಣಕ ಪರಿಷತ್ತಿನ ನುಡಿ, ಶೇಷಾದ್ರಿವಾಸು ಅವರ ಬರಹ, ಮುದ್ರಣಾಲಯಗಳಲ್ಲಿ ಬಳಕೆಯಲ್ಲಿದ್ದ ಶ್ರೀಲಿಪಿ ಮೊದಲಾದ ತಂತ್ರಾಂಶಗಳಲ್ಲಿ ಬೆರಳಚ್ಚಾದ ಕಡತಗಳಲ್ಲಿ ಹೆಚ್ಚಿನವು ಆಯಾ ಅಕ್ಷರವಿನ್ಯಾಸದ ಫಾಂಟನ್ನು ಅವಲಂಬಿಸಿವೆ. ಗಣಕದ ಪಾಲಿಗೆ ಅವು ರೋಮನ್ ಅಕ್ಷರ ಮತ್ತು ಚಿಹ್ನೆಗಳ ಸಾಲುಗಳು. ಫಾಂಟು ಮಾತ್ರ ಅವಕ್ಕೆ ಕನ್ನಡದ ರೂಪ ತೊಡಿಸುತ್ತದೆ. ಕಡತ ಬಂದು ಫಾಂಟು ಬಾರದಿದ್ದರೆ ಇಡೀ ಕಾದಂಬರಿಯೂ ಅರ್ಥವಿಲ್ಲದ ಚಿಹ್ನೆಗಳ ರಾಶಿಯಾಗಿ ತೆರೆದುಕೊಳ್ಳುತ್ತದೆ. ಡಿಸ್ಕು ಕೆಟ್ಟಿದ್ದರಿಂದ ಬರಹ ಹಾಳಾಯಿತೆಂದು ಭಾವಿಸಿ ಅಂತಹ ಕಡತಗಳನ್ನು ಅಳಿಸುವವರಿದ್ದಾರೆ. ಅವು ಹಾಳಾಗಿರುವುದಿಲ್ಲ.

ಆದುದರಿಂದ ವರ್ಗಾಯಿಸುವಾಗ ವಿಂಡೋಸಿನ ಫಾಂಟ್ಸ್ ಫೋಲ್ಡರಿನಿಂದ ಕನ್ನಡ ಫಾಂಟುಗಳನ್ನೂ, ಸಿಕ್ಕಿದರೆ ಆಯಾ ತಂತ್ರಾಂಶದ ಸ್ಥಾಪನಾ ಕಡತವನ್ನೂ ಜೊತೆಗೆ ಉಳಿಸಿಕೊಳ್ಳಬೇಕು. ಪರವಾನಗಿಗೆ ಯಂತ್ರಬೀಗವನ್ನು ಬಳಸುವ ತಂತ್ರಾಂಶಗಳಾದರೆ ಹಳೆಯ ಗಣಕದ ಹಿಂಬದಿಗೆ ಸಿಕ್ಕಿಸಿರುವ ಆ ಸಣ್ಣ ತುಂಡನ್ನು ಕಸವೆಂದು ಎಸೆಯಬಾರದು. ಹಳೆಯ ಸಂಕೇತದಿಂದ ಯುನಿಕೋಡಿಗೆ ಬದಲಿಸುವ ಪರಿವರ್ತಕಗಳು ಉಚಿತವಾಗಿ ದೊರೆಯುತ್ತವೆ. ಪರಿವರ್ತನೆಯಲ್ಲಿ ಒತ್ತಕ್ಷರ, ಅರ್ಕಾವತ್ತು, ಅಂಕಿಗಳಲ್ಲಿ ತಪ್ಪು ನುಸುಳುವುದರಿಂದ ಕರಡು ತಿದ್ದುವ ಶ್ರಮ ತಪ್ಪದು; ಮೂಲ ಕಡತವನ್ನೂ ಜೊತೆಗೆ ಇಟ್ಟುಕೊಂಡಿರಬೇಕು.

ಡಾಕ್ಯುಮೆಂಟ್ಸ್ ಫೋಲ್ಡರನ್ನು ನಕಲಿಸಿದರೆ ಎಲ್ಲವೂ ಬಂತೆಂಬ ನಂಬಿಕೆಯೂ ಸರಿಯಲ್ಲ. ಬೆಂಗಳೂರಿನ ಟ್ಯಾಲಿಯಂತಹ ಲೆಕ್ಕಪತ್ರ ತಂತ್ರಾಂಶಗಳು ತಮ್ಮ ದತ್ತಾಂಶವನ್ನು ಹಲವು ವೇಳೆ ಪ್ರತ್ಯೇಕ ಫೋಲ್ಡರಿನಲ್ಲಿಡುತ್ತವೆ. ಅಂಚೆಪೆಟ್ಟಿಗೆಯ ಕಡತ, ಬ್ರೌಸರಿನಲ್ಲಿ ಉಳಿಸಿದ ಗುಪ್ತಪದ, ಡೆಸ್ಕ್‌ಟಾಪಿನ ಮೇಲೆ ಹರಡಿಟ್ಟದ್ದು, ಇವನ್ನೂ ಹುಡುಕಿ ತರಬೇಕು.

ಹಳೆಯ ಡಿಸ್ಕು

ವರ್ಗಾವಣೆ ಮುಗಿದ ಕೂಡಲೇ ಹಳೆಯ ಡಿಸ್ಕನ್ನು ಅಳಿಸಬಾರದು. ಮರೆತದ್ದು ನೆನಪಾಗಲು ಕೆಲವು ತಿಂಗಳಾದರೂ ಬೇಕು. ವರ್ಷಕ್ಕೊಮ್ಮೆ ಮಾತ್ರ ತೆರೆಯುವ ಕಡತಗಳೂ ಇರುತ್ತವೆ. ಹೆಸರು, ದಿನಾಂಕ ಬರೆದ ಚೀಟಿ ಅಂಟಿಸಿ ತೇವವಿಲ್ಲದ ಜಾಗದಲ್ಲಿಡುವುದು ವಾಡಿಕೆ. ಆದರೆ ಕೆಡುತ್ತಿರುವ ಡಿಸ್ಕನ್ನು ಬ್ಯಾಕಪ್ ಎಂದು ಲೆಕ್ಕ ಹಾಕುವಂತಿಲ್ಲ. ಮೂರು ಪ್ರತಿ, ಎರಡು ಬಗೆಯ ಮಾಧ್ಯಮ, ಒಂದು ಪ್ರತಿ ಮನೆಯಿಂದ ಹೊರಗೆ ಎಂಬ ಪ್ರಸಿದ್ಧ ಸೂತ್ರದಲ್ಲಿ ಅದಕ್ಕೆ ಸ್ಥಾನವಿಲ್ಲ.

ವಿಲೇವಾರಿ ಮಾಡುವಾಗ, ಡಿಸ್ಕು ಇನ್ನೂ ನಡೆಯುತ್ತಿದ್ದರೆ ಇಡೀ ಮೇಲ್ಮೈಯನ್ನು ಒಮ್ಮೆ ಸೊನ್ನೆಗಳಿಂದ ತುಂಬಿದರೆ ಮನೆಬಳಕೆಯ ಮಟ್ಟಿಗೆ ಸಾಕು. ಫಾರ್ಮ್ಯಾಟ್ ಮಾಡಿದ ಮಾತ್ರಕ್ಕೆ ಹಳೆಯ ದತ್ತಾಂಶ ಅಳಿದಿರುತ್ತದೆಂದು ನಂಬಲಾಗದು. ಎಸ್‌ಎಸ್‌ಡಿಗೆ ತಯಾರಕರೇ ಕೊಡುವ ಸುರಕ್ಷಿತ ಅಳಿಸುವಿಕೆಯ ಆಜ್ಞೆಯನ್ನು ಬಳಸಬೇಕು. ನಡೆಯದ ಹಾರ್ಡ್ ಡಿಸ್ಕಾದರೆ ತಟ್ಟೆಗಳನ್ನೇ ಕೆಡಿಸುವುದೊಂದೇ ದಾರಿ. ಲ್ಯಾಪ್‌ಟಾಪ್ ಡಿಸ್ಕುಗಳ ತಟ್ಟೆ ಅನೇಕ ವೇಳೆ ಗಾಜಿನದಾಗಿದ್ದು ಚೂರುಚೂರಾಗಿ ಸಿಡಿಯುವುದರಿಂದ ಕಣ್ಣಿಗೆ ರಕ್ಷಣೆಯಿರಬೇಕು. ಉಳಿದ ಭಾಗಗಳನ್ನು ಮನೆಯ ಕಸಕ್ಕೆ ಸೇರಿಸದೆ, 2023ರ ಏಪ್ರಿಲ್ 1ರಿಂದ ಜಾರಿಯಲ್ಲಿರುವ ಇ-ತ್ಯಾಜ್ಯ ನಿರ್ವಹಣಾ ನಿಯಮಗಳ ಅಡಿಯಲ್ಲಿ ನೋಂದಾಯಿತ ಮರುಬಳಕೆದಾರರಿಗೆ ತಲುಪಿಸಬೇಕು.